ಪುಣೆಯಿಂದ ಅಳಿವೆಗೆ: ಹಕ್ಕಿ, ಆಮೆ, ಏಡಿ ಅಧ್ಯಯನಕ್ಕೆ ಹೊರಡುವ ವಿದ್ಯಾರ್ಥಿಗಳಿಗೊಂದು ಕೈಪಿಡಿ

ಪುಣೆಯಲ್ಲಿ ಓದುತ್ತಿರುವ ಕನ್ನಡದ ಮಕ್ಕಳಲ್ಲಿ ಜೀವವಿಜ್ಞಾನ, ಪರಿಸರ ವಿಜ್ಞಾನ, ಭೂಗೋಳ ಆರಿಸಿಕೊಂಡವರು ಹಲವರಿದ್ದಾರೆ. ಭಾನುವಾರ ದುರ್ಬೀನು ಹಿಡಿದು ಕೆರೆಯಂಚಿಗೆ ಹೋಗುವವರೂ ಇದ್ದಾರೆ. ಕಡಲಂಚಿನ ಜೌಗಿನಲ್ಲಿ ಏನಾದರೂ ಅಧ್ಯಯನ ಮಾಡಬೇಕು ಎಂಬ ಆಸೆ ಇವರಲ್ಲಿ ಕೆಲವರಿಗಾದರೂ ಇರುತ್ತದೆ. ಎಲ್ಲಿಂದ ಶುರು ಮಾಡುವುದು, ಯಾರನ್ನು ಕೇಳುವುದು, ತಮ್ಮ ಕೆಲಸದಿಂದ ಯಾರಿಗೆ ಏನು ಉಪಯೋಗ ಎಂಬುದು ಗೊತ್ತಾಗದೆ ಆಸೆ ಅಲ್ಲಿಗೇ ನಿಲ್ಲುತ್ತದೆ. ಆ ದಾರಿಯನ್ನು ಹಂತಹಂತವಾಗಿ ತೋರಿಸುವುದು ಈ ಲೇಖನದ ಉದ್ದೇಶ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವಿದ್ಯಾರ್ಥಿಗಳ ಕೆಲಸಕ್ಕೆ ಬೆಲೆ ಬರುವುದು ಅಪರೂಪದ ಪ್ರಾಣಿಯನ್ನು ಕಂಡದ್ದರಿಂದ ಅಷ್ಟಾಗಿ ಅಲ್ಲ. ಒಂದೇ ಜಾಗವನ್ನು ಒಂದೇ ವಿಧಾನದಲ್ಲಿ ವರ್ಷವರ್ಷವೂ ನೋಡಿ ಬರೆದಿಟ್ಟದ್ದರಿಂದ. ಮುಂದಿನ ಸಲಹೆಗಳೆಲ್ಲ ಈ ಒಂದು ಮಾತಿನ ವಿಸ್ತರಣೆ.

ಅಭ್ಯಾಸಕ್ಕೆ ಪುಣೆಯ ನೀರೇ ಸಾಕು

ಘಟ್ಟ ಇಳಿಯುವ ಮುನ್ನ ಕಣ್ಣು ಪಳಗಬೇಕು. ಅದಕ್ಕೆ ನಗರದ ಒಳಗೇ ಪಾಷಾಣ ಕೆರೆ ಇದೆ. ಸೋಲಾಪುರ ರಸ್ತೆಯಲ್ಲಿ ಸುಮಾರು 20 ಕಿ.ಮೀ. ಹೋದರೆ ಮುಳಾ-ಮುಠಾ ನದಿಯ ಕವಡಿಪಾಟ್ ಸಿಗುತ್ತದೆ. ಅದೇ ರಸ್ತೆಯಲ್ಲಿ ಸುಮಾರು 100 ಕಿ.ಮೀ. ದೂರದಲ್ಲಿ ಭಿಗವಣ. 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿ ಹರಡಿಕೊಂಡಿದೆ. ಚಳಿಗಾಲದಿಂದ ಬೇಸಿಗೆಯವರೆಗೆ ಫ್ಲೆಮಿಂಗೊ, ಪಟ್ಟೆತಲೆಯ ಹೆಬ್ಬಾತು, ಬಾತುಕೋಳಿ, ರೀವ, ಉಲ್ಲಂಕಿಗಳ ದೊಡ್ಡ ಗುಂಪುಗಳು ಇಲ್ಲಿ ಕಾಣುತ್ತವೆ. ಕುಂಭಾರಗಾಂವ್, ಡಿಕ್ಸಳ ಊರುಗಳ ಮೀನುಗಾರರು ದೋಣಿ ನಡೆಸುತ್ತಾರೆ. ಹಕ್ಕಿ ಗುರುತಿಸುವುದರಲ್ಲಿ ಅವರಲ್ಲಿ ಹಲವರು ಪಳಗಿದವರು.

ಈ ನೀರು ಕನ್ನಡಿಗರಿಗೆ ಪರಕೀಯವಲ್ಲ. ಪುಣೆಯ ಮುಳಾ-ಮುಠಾ ಭೀಮೆಯನ್ನು ಸೇರಿ ಉಜನಿಗೆ ಬರುತ್ತದೆ. ಭೀಮೆ ಅಲ್ಲಿಂದ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾದು ಕೃಷ್ಣೆಯನ್ನು ಕೂಡುತ್ತದೆ. ಪುಣೆಯ ಕೊಳಚೆ ಕವಡಿಪಾಟಿನ ಹಕ್ಕಿಗಳಿಗೆ ಏನು ಮಾಡುತ್ತಿದೆ ಎಂಬ ಪ್ರಶ್ನೆ ಕೆಳಗಿನ ನದೀತೀರದ ಊರುಗಳಿಗೂ ಸೇರಿದ್ದು.

ಕಡಲಂಚಿನಲ್ಲಿ ಕಾಣುವ ಹಕ್ಕಿಗಳಲ್ಲಿ ಅನೇಕವು ಭಿಗವಣದಲ್ಲೂ ಸಿಗುತ್ತವೆ. ಹಾಗಾಗಿ ಮೊದಲ ಚಳಿಗಾಲವನ್ನು ಇಲ್ಲೇ ಕಳೆಯಿರಿ. ಮೂರು ವಿಷಯ ಕಲಿತರೆ ಸಾಕು: ಹಿಂಡನ್ನು ಎಣಿಸುವುದು, ಉಲ್ಲಂಕಿಗಳನ್ನು ಕೊಕ್ಕು ಮತ್ತು ಕಾಲಿನ ಅಳತೆ, ಬಣ್ಣಗಳಿಂದ ಬೇರ್ಪಡಿಸುವುದು, ಕಂಡ ಕೂಡಲೇ ಬರೆದುಕೊಳ್ಳುವುದು. ದೊಡ್ಡ ಹಿಂಡಿದ್ದರೆ ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆಂದು ಮನಸ್ಸಿನಲ್ಲಿಟ್ಟುಕೊಂಡು ಉಳಿದುದನ್ನು ಅದೇ ಅಳತೆಯಿಂದ ಅಂದಾಜು ಮಾಡಬೇಕು. ಇಬ್ಬರು ಪರಸ್ಪರ ಮಾತನಾಡದೆ ಒಂದೇ ಹಿಂಡನ್ನು ಎಣಿಸಿ, ಆಮೇಲೆ ಲೆಕ್ಕ ಹೋಲಿಸಿಕೊಳ್ಳಿ. ನಡುವಿನ ಅಂತರ ನಿಮ್ಮ ಎಣಿಕೆಯನ್ನು ಎಷ್ಟು ನಂಬಬಹುದು ಎಂಬುದನ್ನು ತಿಳಿಸುತ್ತದೆ. ಕೆಲವು ವಾರ ಹೀಗೆ ಮಾಡಿದರೆ ಅಂತರ ಕಡಿಮೆಯಾಗುತ್ತ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಏನಿರಬೇಕು

"ಭಿಗವಣದಲ್ಲಿ ತುಂಬ ಫ್ಲೆಮಿಂಗೊ ಕಂಡೆವು" ಎಂಬ ಟಿಪ್ಪಣಿಯಿಂದ ಯಾರಿಗೂ ಪ್ರಯೋಜನವಿಲ್ಲ. ಪ್ರತಿ ಸಲವೂ ಇಷ್ಟನ್ನು ತಪ್ಪದೆ ಬರೆಯಿರಿ:

- ದಿನಾಂಕ, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು
- ನಿಂತ ಜಾಗ ಅಥವಾ ನಡೆದ ದಾರಿ, ಮೊಬೈಲಿನ ಜಿಪಿಎಸ್ ಗುರುತಿನೊಂದಿಗೆ
- ಎಷ್ಟು ಜನ ನೋಡುತ್ತಿದ್ದಿರಿ, ಎಣಿಸಿದವರು ಯಾರು
- ನೀರಿನ ಮಟ್ಟ, ಗಾಳಿ, ಮಂಜು, ಬೆಳಕು
- ಕಂಡ ಎಲ್ಲ ಜಾತಿಗಳು, ಪ್ರತಿಯೊಂದರ ಸಂಖ್ಯೆ
- ನಾಯಿ, ದೋಣಿ, ಮೀನುಬಲೆ, ಕಸ, ಜನಸಂಚಾರದಂಥ ಅಡಚಣೆ
- ಹುಡುಕಿದರೂ ಕಾಣದಿದ್ದದ್ದು

ಕೊನೆಯ ಅಂಶವನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಹೋದ ವರ್ಷ ಇದೇ ವಾರ ಇನ್ನೂರು ಇದ್ದ ಹಕ್ಕಿ ಈ ವರ್ಷ ಒಂದೂ ಇಲ್ಲವೆಂದರೆ, ಆ ಸೊನ್ನೆಯೇ ವರ್ಷದ ಅತ್ಯಂತ ಮುಖ್ಯ ಮಾಹಿತಿಯಾಗಬಹುದು. ಬರೆಯದೇ ಬಿಟ್ಟರೆ ಹಕ್ಕಿ ಇರಲಿಲ್ಲವೋ, ನೀವು ಹೋಗಿರಲಿಲ್ಲವೋ ಎಂದು ಮುಂದೆ ಯಾರಿಗೂ ಗೊತ್ತಾಗದು.

ಈ ಪಟ್ಟಿಯನ್ನು ಇಬರ್ಡ್ ಆ್ಯಪ್‌ಗೆ ಸೇರಿಸಿ. ಕಂಡ ಜಾತಿಗಳನ್ನೆಲ್ಲ ಸೇರಿಸಿದ ಪೂರ್ಣ ಪಟ್ಟಿಗೆ ವಿಜ್ಞಾನಿಗಳು ಹೆಚ್ಚಿನ ಬೆಲೆ ಕೊಡುತ್ತಾರೆ. 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳನ್ನು ಪರಿಶೀಲಿಸಿದ್ದು ಸುಮಾರು 30,000 ಹಕ್ಕಿವೀಕ್ಷಕರು ಹೀಗೆ ಸೇರಿಸಿದ ಮೂರು ಕೋಟಿ ದಾಖಲೆಗಳ ಆಧಾರದ ಮೇಲೆ. ದೂರದಿಂದ ವಲಸೆ ಬರುವ ದಡದ ಹಕ್ಕಿಗಳು ಕಡಿಮೆಯಾಗುತ್ತಿವೆ ಎಂಬ ಎಚ್ಚರಿಕೆ ಆ ವರದಿಯಲ್ಲಿದೆ. ಜನವರಿಯ ಏಷ್ಯಾ ಜಲಪಕ್ಷಿ ಗಣತಿ 1987ರಿಂದ ನಡೆಯುತ್ತಿದೆ. ಫೆಬ್ರವರಿಯಲ್ಲಿ ನಾಲ್ಕು ದಿನದ ಹಿತ್ತಲ ಹಕ್ಕಿ ಎಣಿಕೆ, ಅದರ ಜೊತೆಗೇ ಕಾಲೇಜುಗಳ ಕ್ಯಾಂಪಸ್ ಹಕ್ಕಿ ಎಣಿಕೆ ನಡೆಯುತ್ತವೆ. ಹೊಸಬರು ಸೇರಲು ಇವು ಸುಲಭದ ಬಾಗಿಲುಗಳು.

ಕಡಲಿನ ಗಡಿಯಾರ

ಕೆರೆಯಲ್ಲಿ ಹಕ್ಕಿ ನೋಡಿ ಅಳಿವೆಗೆ ಬಂದವರನ್ನು ಮೊದಲು ತಬ್ಬಿಬ್ಬು ಮಾಡುವುದು ಉಬ್ಬರ-ಇಳಿತ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ; ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಹೊತ್ತಿಗೆ ಚಿಕ್ಕದು. ಮುಂಬೈ ಬಳಿ ನೀರು ನಾಲ್ಕು ಮೀಟರಿಗೂ ಹೆಚ್ಚು ಏರುವುದುಂಟು. ಕಾರವಾರದ ಕಡೆ ಅದು ಎರಡು ಮೀಟರಿನ ಆಸುಪಾಸು.

ಇಳಿತದಲ್ಲಿ ಕೆಸರು ತೆರೆದುಕೊಂಡು ಹಕ್ಕಿಗಳು ದೂರದೂರಕ್ಕೆ ಚದುರಿ ಮೇಯುತ್ತವೆ. ಉಬ್ಬರ ಏರಿದಾಗ ಅವು ಎತ್ತರದ ದಿಬ್ಬ, ಉಪ್ಪಿನ ಆಗರ, ಬದುಗಳ ಮೇಲೆ ಒತ್ತಾಗಿ ಕೂರುತ್ತವೆ. ಒಟ್ಟು ಎಷ್ಟು ಹಕ್ಕಿ ಇವೆ ಎಂದು ತಿಳಿಯಬೇಕಾದರೆ ಉಬ್ಬರದ ಹೊತ್ತಿನಲ್ಲಿ ಎಣಿಸಬೇಕು. ಏನು ತಿನ್ನುತ್ತವೆ, ಎಲ್ಲಿ ಮೇಯುತ್ತವೆ ಎಂದು ತಿಳಿಯಬೇಕಾದರೆ ಇಳಿತದಲ್ಲಿ ನೋಡಬೇಕು. ಎರಡನ್ನೂ ಬೆರೆಸಿದರೆ ಲೆಕ್ಕ ಕೆಡುತ್ತದೆ.

ಭಾನುವಾರ ಮಾತ್ರ ಬಿಡುವಿರುವ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಉಬ್ಬರದ ಏರಿಳಿತ ಸುಮಾರು ಹದಿನೈದು ದಿನಕ್ಕೊಮ್ಮೆ ಮರುಕಳಿಸುವುದರಿಂದ, ವಾರ ಬಿಟ್ಟು ವಾರ ಅದೇ ಹೊತ್ತಿಗೆ ಹೋದರೆ ಹೆಚ್ಚುಕಡಿಮೆ ಅದೇ ಸ್ಥಿತಿಯ ನೀರು ಸಿಗುತ್ತದೆ. ಹೊರಡುವ ಮುನ್ನ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರಕಟಿಸುವ ಉಬ್ಬರ-ಇಳಿತದ ಪಟ್ಟಿ ನೋಡಿಕೊಂಡು, ತಿಂಗಳ ದಿನಗಳನ್ನು ಮೊದಲೇ ಗುರುತು ಹಾಕಿ.

ಯಾವ ದಡದಲ್ಲಿ ಯಾವ ಕೆಲಸ

*ಠಾಣೆ ಖಾರಿ.* ಪುಣೆಗೆ ಹತ್ತಿರದ ದೊಡ್ಡ ಕಡಲ ಜೌಗು ಇದು. 2015ರ ಆಗಸ್ಟ್‌ನಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, ವಿಸ್ತಾರ ಸುಮಾರು 1,690 ಹೆಕ್ಟೇರ್; 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೆ ಸೇರಿತು. ಐರೋಳಿಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಿಂದ ಉಬ್ಬರದ ಹೊತ್ತು ನೋಡಿಕೊಂಡು ದೋಣಿಗಳು ಹೊರಡುತ್ತವೆ. ಆ ಕೇಂದ್ರವನ್ನು ನಡೆಸುವುದು ಮಹಾರಾಷ್ಟ್ರ ಅರಣ್ಯ ಇಲಾಖೆಯ ಮ್ಯಾಂಗ್ರೋವ್ ವಿಭಾಗ. ಈ ವಿಭಾಗ ಹುಟ್ಟಿದ್ದು 2012ರಲ್ಲಿ. ಇಲ್ಲಿ ಎರಡು ಬಗೆಯ ಫ್ಲೆಮಿಂಗೊಗಳಿವೆ. ದೊಡ್ಡದರ ಕೊಕ್ಕು ತಿಳಿಗೆಂಪು, ತುದಿ ಮಾತ್ರ ಕಪ್ಪು. ಚಿಕ್ಕದರ ಕೊಕ್ಕು ಪೂರ್ತಿ ಕಡುಗೆಂಪು. ಚಿಕ್ಕದು ಮುಖ್ಯವಾಗಿ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುತ್ತದೆ, ದೊಡ್ಡದು ಕೆಸರಿನ ಹುಳು, ಸೀಗಡಿಯಂಥ ಸಣ್ಣ ಜೀವಿಗಳನ್ನು. ಹಾಗಾಗಿ ಎರಡನ್ನೂ ಬೇರೆಬೇರೆಯಾಗಿ ಎಣಿಸಿದರೆ ಮಾತ್ರ ನೀರಿನ ಸ್ಥಿತಿ ಬದಲಾದಾಗ ಯಾವ ಹಕ್ಕಿಗೆ ಏನಾಯಿತು ಎಂದು ಹೇಳಬಹುದು.

*ವೇಳಾಸ.* ತಾಮ್ಹಿಣಿ ಘಾಟ್ ಇಳಿದರೆ ರತ್ನಾಗಿರಿ ಜಿಲ್ಲೆಯ ವೇಳಾಸ ತಲುಪಬಹುದು. ಪೇಶ್ವೆಗಳ ಪುಣೆಯ ನಾನಾ ಫಡ್ನವೀಸರ ಮೂಲ ಊರು ಇದು. ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಲ್ಲಿ ಇಲ್ಲಿ ಊರಿನವರನ್ನು ಸೇರಿಸಿಕೊಂಡು ಆಲಿವ್ ರಿಡ್ಲಿ ಕಡಲಾಮೆಯ ಮೊಟ್ಟೆಗಳನ್ನು ಕಾಯಲು ಶುರು ಮಾಡಿತು. 2006ರಿಂದ ಆಮೆ ಉತ್ಸವ ನಡೆಯುತ್ತಿದೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರಲು ಸುಮಾರು ಐವತ್ತು ದಿನ. ಮರಿ ಗಂಡೋ ಹೆಣ್ಣೋ ಎಂಬುದು ಮರಳಿನ ಬಿಸಿಯ ಮೇಲೆ ನಿಂತಿದೆ: ಬಿಸಿ ಹೆಚ್ಚಿದಷ್ಟೂ ಹೆಣ್ಣು ಹೆಚ್ಚು. ಆದ್ದರಿಂದ ಗೂಡಿನ ಉಷ್ಣತೆಯನ್ನು ದಿನವೂ ಬರೆದಿಡುವ ಕೆಲಸ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ್ದು. ಅರಣ್ಯ ಇಲಾಖೆಯ ಒಪ್ಪಿಗೆ ಮತ್ತು ಊರಿನ ಕಾವಲುಗಾರರ ಜೊತೆ ಮಾತ್ರ ಮಾಡಬೇಕು. ಬರೆದಿಟ್ಟ ಒಂದು ಅಂಕಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದೇ ಕರಾವಳಿಯಲ್ಲಿ ಉದಾಹರಣೆಯಿದೆ. 2021ರಲ್ಲಿ ಒಡಿಶಾದಲ್ಲಿ ಸಂಖ್ಯೆಯ ಬಿಲ್ಲೆ ತೊಡಿಸಿದ್ದ ಆಮೆಯೊಂದು 2025ರ ಜನವರಿಯಲ್ಲಿ ರತ್ನಾಗಿರಿಯ ಗುಹಾಗರದಲ್ಲಿ ಮೊಟ್ಟೆಯಿಡುತ್ತಿದ್ದಾಗ ಸಿಕ್ಕಿತು. ಪೂರ್ವ ಮತ್ತು ಪಶ್ಚಿಮ ಕರಾವಳಿಯ ಆಮೆಗಳಿಗೆ ನಂಟಿದೆ ಎಂದು ತಿಳಿದದ್ದು ದಡದಲ್ಲಿ ಯಾರೋ ಆ ಸಂಖ್ಯೆಯನ್ನು ಓದಿ ಬರೆದುಕೊಂಡದ್ದರಿಂದ.

*ಅಘನಾಶಿನಿ.* ಕನ್ನಡ ಬಲ್ಲ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಪನ್ವೇಲ್ ಮೂಲಕ ಕೊಂಕಣ ರೈಲು ಹಿಡಿದರೆ ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ ಸಾಲಾಗಿ ಬರುತ್ತವೆ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಲ್ಲದೆ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ವಿಸ್ತಾರ 4,801 ಹೆಕ್ಟೇರ್. ಕಾಂಡ್ಲ (ಮ್ಯಾಂಗ್ರೋವ್) ಕಾಡು, ಉಪ್ಪುನೀರು ತಾಳುವ ಕಗ್ಗ ಭತ್ತದ ಗಜನಿ ಗದ್ದೆ, ಸೀಗಡಿ, ಚಿಪ್ಪುಮೀನು, ವಲಸೆ ಹಕ್ಕಿ ಎಲ್ಲವೂ ಒಂದೇ ಕಡೆ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಮೀನು ತೆಗೆಯಲಾಗುತ್ತಿದೆ, ಎರಡು ಸಾವಿರಕ್ಕೂ ಹೆಚ್ಚು ಜನ ಅದರಿಂದ ಬದುಕುತ್ತಿದ್ದಾರೆ ಎಂದು ಲೆಕ್ಕ ಹಾಕಿತ್ತು. ಇಂದಿನ ಇಳುವರಿ ಏರಿದೆಯೋ ಇಳಿದಿದೆಯೋ ಎಂದು ಯಾರಾದರೂ ಹೇಳಬೇಕಾದರೆ ಈ ಅಂಕಿಗೇ ಹೋಲಿಸಬೇಕು.

ಒಂದು ಸೆಮಿಸ್ಟರಿಗೆ ಸಾಕಾಗುವ ಪ್ರಶ್ನೆಗಳು

"ಅಳಿವೆಯ ಜೀವವೈವಿಧ್ಯ" ಎಂಬುದು ಪ್ರಾಜೆಕ್ಟ್ ಅಲ್ಲ. ಅದು ಒಂದು ಜನ್ಮದ ಕೆಲಸ. ನಾಲ್ಕು ತಿಂಗಳಲ್ಲಿ ಉತ್ತರ ಸಿಗುವಷ್ಟು ಚಿಕ್ಕ ಪ್ರಶ್ನೆ ಹಿಡಿಯಿರಿ.

- ಉಬ್ಬರದ ಹೊತ್ತಿನಲ್ಲಿ ಹಕ್ಕಿಗಳು ಕೂರುವ ಜಾಗಗಳು ಯಾವುವು, ಅಲ್ಲಿಗೆ ನಾಯಿ ಮತ್ತು ಜನ ಬಂದಾಗ ಎಷ್ಟು ಸಲ ಹಾರಿಹೋಗುತ್ತವೆ?
- ಕಾಂಡ್ಲದ ಬುಡದಿಂದ ನೀರಿನಂಚಿನವರೆಗೆ, ಒಂದು ಚದರ ಮೀಟರಿನ ಚೌಕಟ್ಟು ಇಟ್ಟು ಎಣಿಸಿದರೆ, ಏಡಿ ಬಿಲಗಳು ಎಲ್ಲಿ ಹೆಚ್ಚು?
- ಕಾಂಡ್ಲದ ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ನೇತಾಡುತ್ತದೆ. ಉದುರಿದ ಮೊಳಕೆಗಳಲ್ಲಿ ಮಳೆಗಾಲ ದಾಟಿ ಉಳಿದವು ಎಷ್ಟು?
- ಚಿಪ್ಪುಮೀನು ಆರಿಸುವ ಹೆಂಗಸರು ಹತ್ತು ವರ್ಷದ ಹಿಂದಿಗೂ ಇಂದಿಗೂ ಜಾಗ, ಗಾತ್ರ, ಸಿಗುವ ಪ್ರಮಾಣಗಳಲ್ಲಿ ಏನು ವ್ಯತ್ಯಾಸ ಹೇಳುತ್ತಾರೆ?

ಕೊನೆಯದಕ್ಕೆ ಭಾಷೆ ಬೇಕು. ಪುಣೆಯಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ರತ್ನಾಗಿರಿಯಲ್ಲಿ ಮರಾಠಿ, ಕುಮಟೆಯಲ್ಲಿ ಕನ್ನಡ ಎರಡೂ ಕೈಲಿವೆ. ಮನೆಯಲ್ಲಿ ಕೊಂಕಣಿ ಆಡುವವರೂ ಉಂಟು. ದಿನವೂ ಕೆಸರಿಗಿಳಿಯುವ ಅಜ್ಜಿಯೊಬ್ಬಳ ಮಾತನ್ನು ದುಭಾಷಿಯಿಲ್ಲದೆ ನೇರವಾಗಿ ಕೇಳಿ ಬರೆಯಬಲ್ಲ ವಿದ್ಯಾರ್ಥಿ ವಿರಳ. ಈ ಬಲವನ್ನು ವ್ಯರ್ಥ ಮಾಡಬೇಡಿ. ಮಾತಾಡಿಸುವಾಗ ಯಾಕೆ ಕೇಳುತ್ತಿದ್ದೀರೆಂದು ಮೊದಲು ಹೇಳಿ, ಒಪ್ಪಿದರೆ ಮಾತ್ರ ಹೆಸರು ಬರೆದುಕೊಳ್ಳಿ, ಅವರ ದುಡಿಮೆಯ ಹೊತ್ತನ್ನು ಕಸಿಯಬೇಡಿ.

ಸಲಕರಣೆಗೆ ಹೆಚ್ಚು ದುಡ್ಡು ಬೇಡ. 8x42 ಅಥವಾ 10x42 ದುರ್ಬೀನು, ನೀರಿಗೆ ಕೆಡದ ನೋಟ್‌ಬುಕ್, ಪೆನ್ಸಿಲ್, ಅಳತೆ ಟೇಪು, ಪ್ಲಾಸ್ಟಿಕ್ ಕೊಳವೆಯಿಂದ ಮಾಡಿದ ಚೌಕಟ್ಟು ಸಾಕು. ದೂರದರ್ಶಕವನ್ನು ಕಾಲೇಜು ಅಥವಾ ಗುಂಪು ಸೇರಿ ಕೊಳ್ಳಬಹುದು.

ಅನುಮತಿ, ನಡವಳಿಕೆ, ಜೀವದ ಎಚ್ಚರ

ದೂರದಿಂದ ನೋಡಿ ಎಣಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಅಭಯಾರಣ್ಯದೊಳಗಿನ ಅಧ್ಯಯನಕ್ಕೆ, ಪ್ರಾಣಿಯನ್ನು ಹಿಡಿಯುವುದಕ್ಕೆ, ಉಂಗುರ ತೊಡಿಸುವುದಕ್ಕೆ, ಗೂಡು ಮುಟ್ಟುವುದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಬರಹದ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕಡಲಾಮೆಗೆ ಮೊದಲ ಅನುಸೂಚಿಯ ರಕ್ಷಣೆ ಇದೆ; ಕುತೂಹಲಕ್ಕೆಂದು ಮೊಟ್ಟೆ ತೆಗೆಯುವುದೂ ಅಪರಾಧವೇ. ಅರ್ಜಿಯನ್ನು ಕಾಲೇಜಿನ ಮೂಲಕ, ಮಾರ್ಗದರ್ಶಕರ ಸಹಿಯೊಂದಿಗೆ, ಕೆಲಸ ಶುರುವಾಗುವ ಬಹಳ ತಿಂಗಳ ಮೊದಲೇ ಕೊಡಿ.

ಹಕ್ಕಿಗಳು ಮೇಯುವುದು ನಿಲ್ಲಿಸಿ ತಲೆ ಎತ್ತಿದರೆ ನೀವು ಹತ್ತಿರ ಬಂದಿದ್ದೀರಿ ಎಂದರ್ಥ, ಹಿಂದೆ ಸರಿಯಿರಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ಪ್ರತಿ ಸಲ ಎದ್ದು ಹಾರುವುದೂ ಕೊಬ್ಬಿನ ಖರ್ಚು. ಆಮೆ ಮರಿಗಳ ಹತ್ತಿರ ಟಾರ್ಚು, ಫ್ಲ್ಯಾಶ್ ಬೇಡ, ಬೆಳಕಿಗೆ ದಾರಿ ತಪ್ಪುತ್ತವೆ. ಗೂಡಿನ ನಿಖರ ಜಾಗವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಸಸಿ ನೆಡುವ ಉತ್ಸಾಹದಲ್ಲಿ ಬಯಲು ಕೆಸರಿನ ಮೇಲೆಲ್ಲ ಕಾಂಡ್ಲ ನೆಡಬೇಡಿ. ಖಾಲಿಯಾಗಿ ಕಾಣುವ ಆ ಕೆಸರೇ ಉಲ್ಲಂಕಿಗಳ ಊಟದ ತಟ್ಟೆ. ಕಾಂಡ್ಲ ಮೊದಲಿದ್ದು ನಾಶವಾದ ಜಾಗದಲ್ಲಿ, ಬಲ್ಲವರನ್ನು ಕೇಳಿಯೇ ನೆಡಬೇಕು.

ಕೆಸರಿಗೆ ಒಬ್ಬರೇ ಇಳಿಯಬೇಡಿ. ಊರಿನವರೊಬ್ಬರು ಜೊತೆಗಿರಲಿ, ಉಬ್ಬರ ಏರುವ ಹೊತ್ತಿಗೆ ಮೊದಲೇ ದಡಕ್ಕೆ ಬನ್ನಿ. ಸಿಂಪಿ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುವುದರಿಂದ ಬಿಗಿಯಾದ ಹಳೆಯ ಶೂ ಹಾಕಿ. ದೋಣಿಯಲ್ಲಿ ಈಜು ಬಲ್ಲವರೂ ಜೀವರಕ್ಷಕ ಜಾಕೆಟ್ ಕಟ್ಟಿಕೊಳ್ಳಲೇಬೇಕು.

ಕೇಳಬೇಕಾದ ಬಾಗಿಲುಗಳು

ಪುಣೆಯಲ್ಲೇ ನೆರವು ಸಾಕಷ್ಟಿದೆ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ಪಶ್ಚಿಮ ಪ್ರಾದೇಶಿಕ ಕೇಂದ್ರ ಆಕುರ್ಡಿಯಲ್ಲಿದೆ, ಸಸ್ಯಶಾಸ್ತ್ರ ಸರ್ವೇಕ್ಷಣಾಲಯದ ಪಶ್ಚಿಮ ವಲಯ ಕೋರೆಗಾಂವ್ ಪಾರ್ಕ್‌ನಲ್ಲಿದೆ. ಏಡಿ, ಚಿಪ್ಪು, ಗಿಡಗಳ ಗುರುತು ಖಚಿತಪಡಿಸಿಕೊಳ್ಳಲು ಇಲ್ಲಿನ ತಜ್ಞರನ್ನು ಕೇಳಬಹುದು. ಗರವಾರೆ ಕಾಲೇಜಿನ ಜೀವವೈವಿಧ್ಯ ವಿಭಾಗ, ಭಾರತಿ ವಿದ್ಯಾಪೀಠದ ಪರಿಸರ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ, ಪ್ರಕಾಶ ಗೋಳೆ ಅವರು 1982ರಲ್ಲಿ ಕಟ್ಟಿದ ಇಕಾಲಾಜಿಕಲ್ ಸೊಸೈಟಿ ಇವೆಲ್ಲ ಕ್ಷೇತ್ರಕಾರ್ಯ ಬಲ್ಲವರ ಜಾಗಗಳು. ಕರ್ನಾಟಕದ ಕಡೆ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ, ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು, ಗೋವೆಯ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇವೆ. ಪತ್ರ ಬರೆಯುವಾಗ "ಏನಾದರೂ ಅವಕಾಶ ಕೊಡಿ" ಎನ್ನುವ ಬದಲು ನಿಮ್ಮ ಪ್ರಶ್ನೆ, ಈವರೆಗೆ ಮಾಡಿದ ಎಣಿಕೆ, ಕೊಡಬಲ್ಲ ದಿನಗಳನ್ನು ಒಂದು ಪುಟದಲ್ಲಿ ತಿಳಿಸಿ. ಒಂದು ಚಳಿಗಾಲದ ಭಿಗವಣದ ಪಟ್ಟಿ ಜೊತೆಗಿದ್ದರೆ ಪತ್ರಕ್ಕೆ ತೂಕ ಬರುತ್ತದೆ.

ಪುಣೆಗೂ ಉತ್ತರ ಕನ್ನಡಕ್ಕೂ ಈ ವಿಷಯದಲ್ಲಿ ಹಳೆಯ ನಂಟಿದೆ. 1942ರಲ್ಲಿ ಪುಣೆಯಲ್ಲಿ ಹುಟ್ಟಿ, ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಮಾಧವ ಗಾಡ್ಗೀಳರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಉತ್ತರ ಕನ್ನಡದಲ್ಲಿ ದಶಕಗಳ ಅಧ್ಯಯನ ನಡೆಸಿದರು. 1990ರ ದಶಕದಲ್ಲಿ ಪಶ್ಚಿಮಘಟ್ಟದ ಪದವಿ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳನ್ನೇ ಸೇರಿಸಿ ಜೀವವೈವಿಧ್ಯ ದಾಖಲಿಸುವ ಜಾಲವನ್ನೂ ಕಟ್ಟಿದರು. ಕುಮಟೆಯ ಬಾಳಿಗಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎಂ.ಡಿ. ಸುಭಾಶ್ಚಂದ್ರನ್ ಆ ಬಗೆಯ ಕೆಲಸದಿಂದಲೇ ಅಘನಾಶಿನಿಯನ್ನು ಬಲ್ಲ ವಿಜ್ಞಾನಿಯಾದರು. ದೊಡ್ಡ ಪ್ರಯೋಗಾಲಯವಿಲ್ಲದ ಕಾಲೇಜಿನಿಂದಲೂ ಗಟ್ಟಿ ವಿಜ್ಞಾನ ಹೊರಡಬಲ್ಲದು.

ಪದವಿ ಮುಗಿದ ಮೇಲೆ ನೋಟ್‌ಬುಕ್ ಯಾರದು

ವಿದ್ಯಾರ್ಥಿಗಳ ಕೆಲಸದ ದೊಡ್ಡ ದೌರ್ಬಲ್ಯ ಅದು ಅವರೊಂದಿಗೇ ಮುಗಿದುಹೋಗುವುದು. ಪದವಿ ಮೂರು ವರ್ಷ. ಅಳಿವೆ ಬದಲಾಗುವುದು ಮೂವತ್ತು ವರ್ಷಗಳಲ್ಲಿ. ಇದಕ್ಕೆ ಉತ್ತರವನ್ನು ಚೆನ್ನೈನ ವಿದ್ಯಾರ್ಥಿಗಳು ಕಂಡುಕೊಂಡಿದ್ದಾರೆ. ಅಲ್ಲಿನ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ 1988ರಲ್ಲಿ ಹುಟ್ಟಿತು. ಪ್ರತಿ ವರ್ಷ ಮೊಟ್ಟೆಯಿಡುವ ಕಾಲದಲ್ಲಿ ನೀಲಾಂಗರೈನಿಂದ ಬೆಸೆಂಟ್ ನಗರದವರೆಗೆ ರಾತ್ರಿ ದಡದ ಮೇಲೆ ನಡೆದು ಗೂಡು ಹುಡುಕುತ್ತಾರೆ, ಮೊಟ್ಟೆ ಕಾಯುತ್ತಾರೆ, ಲೆಕ್ಕ ಇಡುತ್ತಾರೆ. ಶುರು ಮಾಡಿದವರು ಎಂದೋ ಓದು ಮುಗಿಸಿದರು. ದಾರಿ ಮತ್ತು ವಿಧಾನ ಕಿರಿಯರ ಕೈಗೆ ಸಾಗುತ್ತ ಬಂದಿವೆ.

ಪುಣೆಯಲ್ಲೂ ಇದು ಆಗಬೇಕು. ಇಲ್ಲಿನ ಕನ್ನಡ ಸಂಘ ನಡೆಸುವ ಕಾವೇರಿ ವಿದ್ಯಾಸಂಸ್ಥೆಗಳಿಂದ ಹಿಡಿದು ಯಾವ ಕಾಲೇಜಿನಲ್ಲಾದರೂ ಆರೇಳು ಜನರ ನಿಸರ್ಗ ಬಳಗ ಸಾಕು. ಮೊದಲ ವರ್ಷದವರಲ್ಲಿ ಇಬ್ಬರು ಸದಾ ಜೊತೆಗಿರಲಿ. ಎಣಿಕೆಯ ವಿಧಾನವನ್ನು ಎರಡು ಪುಟದಲ್ಲಿ ಬರೆದು, ನಿಂತ ಜಾಗದ ಫೋಟೊ ಅಂಟಿಸಿಡಿ. ಮೂಲ ದಾಖಲೆ ವಿಭಾಗದ ಕಪಾಟಿನಲ್ಲಿ, ನಕಲು ಇಬರ್ಡ್‌ನಂಥ ಸಾರ್ವಜನಿಕ ತಾಣದಲ್ಲಿ ಇರಲಿ. ವರ್ಷಕ್ಕೊಮ್ಮೆ ಎರಡು ಪುಟದ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಬರೆದು, ಆ ಊರಿನ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಅರಣ್ಯ ಇಲಾಖೆಗೂ ಕೊಟ್ಟುಬನ್ನಿ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯಿತಿ ಇಡಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೆ ಇಂಥ ಮಾಹಿತಿಯೇ ಬೇಕು. ನಾಳೆ ಆ ದಡಕ್ಕೆ ಬಂದರೋ ರಸ್ತೆಯೋ ಬರುತ್ತದೆಂದಾಗ, ಇಲ್ಲಿ ಏನಿತ್ತು ಎಂದು ಊರಿನವರು ತೋರಿಸಲು ಅವರ ಕೈಯಲ್ಲಿ ಕಾಗದ ಇರುತ್ತದೆ.

ಮೊದಲ ಹೆಜ್ಜೆಗೆ ಯಾರ ಅನುಮತಿಯೂ ಬೇಡ. ಮುಂದಿನ ಭಾನುವಾರ ಕವಡಿಪಾಟಿನಲ್ಲಿ ಒಂದು ಜಾಗ ಆರಿಸಿ, ಒಂದು ಗಂಟೆ ಎಣಿಸಿ, ಮೇಲಿನ ಪಟ್ಟಿಯಂತೆ ಬರೆಯಿರಿ. ಎರಡು ವಾರ ಬಿಟ್ಟು ಅದೇ ಜಾಗಕ್ಕೆ ಹೋಗುವಾಗ ಕಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.